ಜ್ವರಕ್ಕೆ ಕೂತ ಮಂಗಳವಾರ

"ಹೂತಿರೋದ್ನ ಮತ್ತೆ ಅಗೀಬೇಕಾ ಮೇಡಂ? ಗುದ್ದಲಿ ಬೇಕಾದ್ರೆ ಕೊಡ್ತೀನಿ. ನನ್ ಕೈಲಿ ಮಾತ್ರ ಆಗಾಕಿಲ್ಲ."

ಗುಲ್ಜಾರ್ ಬೀ ಗುದ್ದಲಿಯನ್ನು ತಿಪ್ಪೆಯ ಅಂಚಿಗೆ ಒರಗಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ರಾಧಾಮಣಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಹಿಡಿದಳು. ರೇಷ್ಮೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಆಕೆ ಮಾಡಿದ್ದು ಇದೇ ಕೆಲಸ. ಹುಳ ಸತ್ತ ಮನೆಗೆ ಹೋಗುವುದು, ಯಾಕೆ ಸತ್ತವು ಎಂದು ಹೇಳುವುದು. ಯಾರು ಹುಳಮನೆಯಲ್ಲಿ ಬೀಡಿ ಸೇದಿದರು, ಯಾರು ಔಷಧಿ ಹೊಡೆದ ಕೈಯಲ್ಲಿ ಸೊಪ್ಪು ಮುಟ್ಟಿದರು, ಯಾರು ಪಕ್ಕದ ತೋಟದಿಂದ ಕದ್ದು ಕೊಯ್ದರು. ಮನುಷ್ಯರು ಬಾಯಿ ಬಿಡದ ಮನೆಯಲ್ಲೂ ಹುಳ ಬಾಯಿ ಬಿಡುತ್ತಿತ್ತು. ನಿವೃತ್ತಿಯಾಗಿ ಎರಡು ವರ್ಷ. ಈ ಸಲ ಯಾರೂ ಕರೆದಿರಲಿಲ್ಲ, ತಾನೇ ಬಂದಿದ್ದಳು.

ತಮ್ಮ ಅಶ್ವಥ್ ರಾಮನಗರದ ಜೈಲು ಸೇರಿ ಅಂದಿಗೆ ಎಂಟನೆಯ ದಿನ. ಕಾಡಿನ ನೀರಿನ ತೊಟ್ಟಿಗೆ ವಿಷ ಬೆರೆಸಿ ಒಂಬತ್ತು ಜಿಂಕೆ ಕೊಂದ ಎಂಬುದು ಫಾರೆಸ್ಟ್ ವಾಚರ್ ಆಗಿದ್ದ ಅವನ ಮೇಲಿನ ಕೇಸು.

ಎಂಟು ದಿನದಿಂದ ಆಕೆ ಅತ್ತಿರಲಿಲ್ಲ. ಅಳು ಬರಲಿ ಎಂದು ಕಾದು ಕೂತದ್ದೂ ಆಗಿತ್ತು. ಬೆಳಿಗ್ಗೆ ಎದ್ದು ಕಸ ಗುಡಿಸುತ್ತಾಳೆ, ಒಲೆ ಹಚ್ಚುತ್ತಾಳೆ, ಅಕ್ಕಿ ತೊಳೆಯುತ್ತಾಳೆ. ಕೈ ತನ್ನ ಪಾಡಿಗೆ ತಾನು ದುಡಿಯುತ್ತದೆ, ಒಳಗೆ ಮಾತ್ರ ಯಾರೂ ಇಲ್ಲ. ನಿನ್ನೆ ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ್ದಳು. ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದ ಮೇಲೆ, ಇದು ಯಾರ ಕೈಯೋ ಎಂಬಂತೆ ನೋಡಿಕೊಂಡಿದ್ದಳು.

ಮೂರನೆಯ ಏಟಿಗೆ ಗುದ್ದಲಿ ಮೆತ್ತಗೆ ತಾಗಿತು.

"ಅದೇ," ಅಂದಳು ಗುಲ್ಜಾರ್ ಬೀ. "ಚಾಪೆ ಸುತ್ತಿದಂಗೆ ಸುತ್ತಿ ಹೂತೆ. ಹುಳ, ಸೊಪ್ಪು, ಕಡ್ಡಿ ಎಲ್ಲ ಒಟ್ಗೆ. ನೂರೈವತ್ತು ಮೊಟ್ಟೆ ಹುಳ ಮೇಡಂ, ಅರ್ಧ ಲಕ್ಷಕ್ಕೂ ಮೇಲೆ. ಇನ್ನ ಮೂರ್ ದಿನಕ್ಕೆ ಹಣ್ಣಾಗಿ ಗೂಡು ಕಟ್ಟೋವು."

"ಸುತ್ತಿದ್ದೇ ಒಳ್ಳೇದಾಯ್ತು ಗುಲ್ಜಾರಮ್ಮ."

"ಏನ್ ಒಳ್ಳೇದೋ. ಎದುರು ಮನೆ ದೊಡ್ಡಲಕ್ಷ್ಮಮ್ಮ ಏನಂದ್ಲು ಗೊತ್ತಾ? ನೀನು ಒಗ್ಗರಣೆ ಹಾಕ್ದೆ, ಅದರ ಘಾಟಿಗೆ ಸತ್ತವು ಅಂತ. ಮಾರ್ನೇ ದಿನ ಅವಳ ಹುಳಾನೂ ಸತ್ತವು ನೋಡಿ, ಬಾಯಿ ಮುಚ್ಕೊಂಡ್ಲು. ಅವಳ ಮನೇಲಿ ಒಗ್ಗರಣೆ ಹಾಕೋರೇ ಇಲ್ಲ."

ರಾಧಾಮಣಿ ಸುರುಳಿಯನ್ನು ಗೋಣಿಯ ಮೇಲೆ ಮಲಗಿಸಿ, ಹಸುಗೂಸಿನ ಬಟ್ಟೆ ಬಿಚ್ಚುವ ಹಾಗೆ ನಿಧಾನವಾಗಿ ಬಿಚ್ಚಿದಳು. ಗುಲ್ಜಾರ್ ಬೀ ಮೇಲೆ ಎರಚಿದ್ದ ಸುಣ್ಣ ಕೊಳೆಯುವುದನ್ನು ತಡೆದಿತ್ತು.

ಈ ಕಡೆ ಹುಳಕ್ಕೆ ಸೊಪ್ಪನ್ನು ಕೊಂಬೆ ಸಮೇತ ಹಾಕುತ್ತಾರೆ. ಹುಳ ಎಲೆ ತಿಂದು ಮೇಲಕ್ಕೆ ಹತ್ತುತ್ತದೆ, ಅದರ ಮೇಲೆ ಮತ್ತೆ ಕೊಂಬೆ. ಹೀಗೆ ದಿನದ ಮೇಲೆ ದಿನ ಪದರ ಕೂಡುತ್ತದೆ. ಬಿಡಿಸಿ ನೋಡಬಲ್ಲವರಿಗೆ ಅದು ಹುಳ ಉಂಡ ಊಟದ ದಿನಚರಿ.

ಕೆಳಗಿನ ಪದರದಲ್ಲಿ ಬರೀ ಕಡ್ಡಿ. ಒಂದು ಎಲೆ ಉಳಿದಿರಲಿಲ್ಲ. ಹೊಟ್ಟೆ ತುಂಬ ತಿಂದ ದಿನ ಅದು.

ನಡುವಿನ ಪದರದಲ್ಲಿ ಎಲೆಗಳು ಅರ್ಧಂಬರ್ಧ. ಅಂಚು ಕೆಂಡ ತಾಗಿದ ಹಾಗೆ ಕಂದು. ಸತ್ತ ಹುಳಗಳೆಲ್ಲ ಅಲ್ಲೇ, ತಿನ್ನುತ್ತಿದ್ದ ಎಲೆಗೇ ಬಾಯಿ ಹಚ್ಚಿ.

ಮೇಲಿನ ಪದರದಲ್ಲಿ ಎಲೆಗಳು ಇಡಿಯಾಗಿದ್ದವು. ಸುಟ್ಟ ಕಲೆ ಇಲ್ಲ, ಕಚ್ಚಿದ ಗುರುತಿಲ್ಲ.

"ಈ ಮೇಲಿನದು ಯಾವತ್ತು ಕೊಯ್ದ ಸೊಪ್ಪು?"

"ಮಳೆ ಹುಯ್ತಲ್ಲ, ಅದರ ಮಾರ್ನೇ ದಿನದ್ದು. ಒದ್ದೆ ಹಾಕ್ಬಾರ್ದು ಅಂತ ಹಳೇ ಸೀರೆ ಮೇಲೆ ಹರವಿ, ಒಣಗಿಸಿ ಹಾಕ್ದೆ. ಯಾರ್ ತಿಂದ್ರು? ಅಷ್ಟೊತ್ಗೆ ಎಲ್ಲ ಹಸ್ರು ವಾಂತಿ ಮಾಡ್ತಿದ್ವು."

ಸೈಕ್ಲೋನ್ ಜಡಿ ಹಿಡಿದದ್ದು ಮಂಗಳವಾರ ರಾತ್ರಿ. ಅದು ಊರಿಗೆಲ್ಲ ನೆನಪಿತ್ತು. ಹಾಗಾದರೆ ಮೇಲಿನದು ಬುಧವಾರದ ಸೊಪ್ಪು. ಮಳೆ ತೊಳೆದ ಸೊಪ್ಪು.

"ಈ ಸುಟ್ಟ ಸೊಪ್ಪು?"

"ಅದೇ ಮೇಡಂ ನೆನಪಾಗ್ತಿಲ್ಲ. ಮಗಳು ಮಿಸ್ಬಾಗೆ ಹುಷಾರಿಲ್ದೆ ಸೋಮವಾರ ಆಸ್ಪತ್ರೆಗೆ ಹೋಗಿದ್ದೆ. ಸೋಮವಾರ ಕೊಯ್ದಿದ್ದೇ ಮಿಕ್ಕಿ ಮಂಗಳವಾರಕ್ಕೆ ಹಾಕ್ದ್ನೋ, ಮಂಗಳವಾರವೇ ಕೊಯ್ದು ತಂದ್ನೋ... ಅಲ್ಲಾನ ಆಣೆ, ಗೊತ್ತಿಲ್ಲ. ಯಾವ್ದಾದ್ರೇನು? ಎರಡರಲ್ಲಿ ಒಂದು."

ಎರಡರಲ್ಲಿ ಒಂದು. ರಾಧಾಮಣಿಗೆ ಬೇಕಾಗಿದ್ದದ್ದು ಅದೊಂದೇ.

ಜಿಂಕೆಯನ್ನೂ ಹುಳವನ್ನೂ ಕೊಂದದ್ದು ಒಂದೇ ವಿಷ. ಅದು ಬಿದ್ದದ್ದು ಸೋಮವಾರವಾದರೆ ಅಶ್ವಥ್ ಕಾಡಿನಲ್ಲೇ ಇದ್ದ. ಅಂದು ಸಂಜೆ ಐದೂವರೆಯ ಬಸ್ಸಿಗೆ ಆತ ಹೆಂಡತಿ ಸುಮನಾಳ ಜೊತೆ ಮಾಗಡಿಗೆ ಹೋದ, ಮಾವನ ತಿಥಿಗೆ. ವಾಪಸು ಬಂದದ್ದು ಗುರುವಾರ. ಸತ್ತ ಜಿಂಕೆಗಳನ್ನು ಮೊದಲು ಕಂಡವನೂ ಅವನೇ, ಆಫೀಸಿಗೆ ಫೋನು ಮಾಡಿದವನೂ ಅವನೇ. ಜಿಂಕೆಗಳ ಒಡಲಲ್ಲಿ ಸೀಸ ಸಿಕ್ಕಿತು. ತೊಟ್ಟಿಯ ಪಕ್ಕ ಒಡೆದ ಬ್ಯಾಟರಿಯ ಚೂರು ಸಿಕ್ಕವು. ತೊಟ್ಟಿ ತೊಳೆದು ನೀರು ತುಂಬುವ ಕೆಲಸ ಅಶ್ವಥ್‌ನದು. ಅಷ್ಟು ಸಾಕಾಯಿತು.

ವಿಷ ಬಿದ್ದದ್ದು ಮಂಗಳವಾರವಾದರೆ ಅವನು ಮಾಗಡಿಯಲ್ಲಿ ಎಡೆಯ ಮುಂದೆ ಕೂತಿದ್ದ.

"ಇವತ್ತು ಮಧ್ಯಾಹ್ನ ಎರಡು ಗಂಟೆ ಒಳಗೆ ದಿನ ಹೇಳಿ ಮೇಡಂ," ಅಂದಿದ್ದ ಕನಕಪುರದ ವಕೀಲ ಪುನೀತ್. "ಬೇಲ್ ಅರ್ಜಿ ಜೊತೆಗೆ ಹಾಕ್ತೀನಿ. ಸೋಮವಾರವೋ ಮಂಗಳವಾರವೋ ಅನ್ನೋ ಅಡ್ಡಗೋಡೆ ಮೇಲಿನ ದೀಪ ಕೋರ್ಟಲ್ಲಿ ನಡೆಯಲ್ಲ."

ರಾಧಾಮಣಿ ಮೂರೂ ಪದರದಿಂದ ಒಂದೊಂದು ಹಿಡಿ ತೆಗೆದು ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದಳು. ಮನೆಯಿಂದ ತಂದ ಡಬ್ಬಿಗಳು. ಒಂದಕ್ಕೆ ಇನ್ನೂ ಉಪ್ಪಿನಕಾಯಿಯ ವಾಸನೆ ಇತ್ತು.

"ಗುಲ್ಜಾರಮ್ಮ, ಊರಲ್ಲಿ ಯಾರ ಮನೆ ಹುಳ ಬದುಕಿದವು?"

"ಹನ್ನೊಂದು ಮನೇಲಿ ಸತ್ತವು. ಬದುಕಿದ್ದು ಒಂದೇ. ಶಿವಲಿಂಗಮ್ಮನ ಮನೆದು. ಆ ಅನಂತರಾಜುಗೆ ಎಲ್ಲ ಕಡೆನೂ ಅದೃಷ್ಟ."

ಅನಂತರಾಜು ಶಿವಲಿಂಗಮ್ಮನ ಒಬ್ಬನೇ ಮಗ. ಹಾಲಿನ ವ್ಯಾನಿನ ಹುಸೇನ್ ಮಂಗಳವಾರ ಬೆಳಿಗ್ಗೆ ಮಂಜಿನಲ್ಲಿ ಹಳೇ ಕ್ವಾರಿ ದಾರಿ ಹಿಡಿದ ಒಂದು ಟ್ರ್ಯಾಕ್ಟರ್ ಕಂಡಿದ್ದ, ನಂಬರ್ ಕಂಡಿರಲಿಲ್ಲ. ಹುಣಸೆದೊಡ್ಡಿ ಊರಲ್ಲಿ ಟ್ರ್ಯಾಕ್ಟರ್ ಇರುವುದು ಅನಂತರಾಜು ಒಬ್ಬನಿಗೇ. ಮೊನ್ನೆ ರಾಧಾಮಣಿ ಕೇಳಿದಾಗ ಅವನು ನಕ್ಕಿದ್ದ. 'ಆರರಿಂದ ಒಂಬತ್ತು ಗಂಟೆವರ್ಗೂ ಹುಳಕ್ಕೆ ಸೊಪ್ಪು ಹಾಕ್ತಿದ್ದೆ ಅಕ್ಕ. ಬೇಕಾದ್ರೆ ಹುಳಾನೇ ಕೇಳು.'

ಕೇಳೋಣ ಎಂದುಕೊಂಡು ರಾಧಾಮಣಿ ಕೈ ತೊಳೆದಳು.

ಊರಿನ ಕೊನೆಯ ಮನೆಗೆ ಹುಣಸೆ ಮರಗಳ ನಡುವೆ ದಾರಿ. ಎಡಕ್ಕೆ ಕಾಡು ಶುರುವಾಗುತ್ತದೆ. ಹತ್ತು ಗಂಟೆಯಾಗಿದ್ದರೂ ಒಂದು ಹಕ್ಕಿಯ ಸದ್ದಿಲ್ಲ. ಬಂಡೆಯ ಕೊರಕಲಿನಲ್ಲಿ ವರ್ಷವೂ ತೂಗುತ್ತಿದ್ದ ಹೆಜ್ಜೇನಿನ ಜಾಗದಲ್ಲಿ ಹಳೆಯ ಮೇಣದ ಕಲೆ ಮಾತ್ರ.

ಆಕೆ ಒಂದು ಮರದ ಬಳಿ ನಿಂತು ಕಾಂಡದ ಸುತ್ತ ಅಂಗೈ ಸವರಿದಳು. ಊರ ಕಡೆಯ ಮೈಯಲ್ಲಿ ಕಲ್ಲುಹೂವು ಇತ್ತು, ಬೂದುಹಸಿರು, ಒರಟು, ಮುದುಡಿದ ಕಾಗದದಂತೆ. ಮೂಡಣ ಮೈಯಲ್ಲಿ ಏನೂ ಇಲ್ಲ. ಬೂದಿ ಹಾಕಿ ತಿಕ್ಕಿದ ಪಾತ್ರೆಯ ತಳದಂತೆ ಬೋಳು. ಆಚೆ ಮರಕ್ಕೂ ಹಾಗೆ, ಅದರಾಚೆಯದಕ್ಕೂ ಹಾಗೆ. ಗಾಳಿ ಕೆಟ್ಟರೆ ಮೊದಲು ಸಾಯುವುದು ಕಲ್ಲುಹೂವು. ಎಲ್ಲ ಮರಗಳೂ ಒಂದೇ ದಿಕ್ಕಿಗೆ ಮೈ ಸುಟ್ಟುಕೊಂಡಿದ್ದವು. ಆ ದಿಕ್ಕಿನಲ್ಲಿ ಇದ್ದದ್ದು ಹಳೇ ಕಲ್ಲು ಕ್ವಾರಿ.

ಅವ್ವ ಸತ್ತಾಗ ಅಶ್ವಥ್‌ಗೆ ಆರು ವರ್ಷ, ಅಕ್ಕನೇ ಸಾಕಿದ್ದಳು. ದೊಡ್ಡವನಾಗಿ ಕಾಡಿನ ಕೆಲಸಕ್ಕೆ ಸೇರಿದ ಮೇಲೆ, ಬಾಡಿನ ಸಾರಿನ ಮಸಾಲೆಗೆ ಅಂತ ವರ್ಷಕ್ಕೊಂದು ಚೀಲ ಕಲ್ಲುಹೂವು ಆರಿಸಿ ತರುತ್ತಿದ್ದ. ಈ ವರ್ಷ ಬರಿಗೈಯಲ್ಲಿ ಬಂದ.

"ಕಲ್ಲುಹೂವು ಇಲ್ಲ ಅಕ್ಕ. ಅಂಗಡೀಲಿ ತಗೋ."

"ನೋಡ್ರಪ್ಪ, ಕಾಡು ಕಾಯೋನು ನನಗೆ ಅಂಗಡಿ ತೋರಿಸ್ತಾನೆ," ಎಂದು ಆಕೆ ನಕ್ಕಿದ್ದಳು. ಅವನು ನಗಲಿಲ್ಲ. ಕೂತು ಎರಡು ಮುದ್ದೆ ಉಂಡು, ಕೈ ತೊಳೆದು ಹೋದ. ಅವತ್ತು ಇನ್ನೊಂದು ಮಾತು ಕೇಳಬೇಕಿತ್ತು.

ಅವನ ಮಂಚದ ಕೆಳಗೆ ಸಿಕ್ಕ ಲಗ್ನಪತ್ರಿಕೆಯ ಹಳೇ ಕವರುಗಳು ಈಗ ಆಕೆಯ ಬ್ಯಾಗಿನಲ್ಲಿದ್ದವು. ಹದಿನಾಲ್ಕು ಕವರು. ಪ್ರತಿಯೊಂದರಲ್ಲೂ ಒಂದು ಚೂರು ಮರದ ತೊಗಟೆ, ಮೇಲೆ ಪೆನ್ಸಿಲ್ಲಿನ ದಪ್ಪ ಅಕ್ಷರ. 'ಮಂಗಳವಾರ. ಆಲದ ಮರ, ಮೂಡ್ಲು. ಹೂ ಐತೆ.' ಮುಂದಿನ ಮಂಗಳವಾರ, 'ಒಸಿ ಐತೆ.' ಆಮೇಲೆ 'ಹೂ ಇಲ್ಲ. ಜೇನು ಎದ್ದೋಗೈತೆ.' 'ಹೂ ಇಲ್ಲ. ಕಪ್ಪೆ ಕೂಗ್ಲಿಲ್ಲ.' ಹದಿಮೂರನೆಯದರಲ್ಲಿ, 'ಜಿಂಕೆ ಹಿಂಗಾಲು ಎಳೀತಾವೆ. ಮೂರನೇ ಅರ್ಜಿ ಕೊಟ್ಟೆ. ಯಾರೂ ಬರ್ಲಿಲ್ಲ.' ಹದಿನಾಲ್ಕನೆಯದರಲ್ಲಿ ಬರೀ 'ಹೂ ಇಲ್ಲ.'

ಪ್ರತಿ ಮಂಗಳವಾರ ಒಂದು. ಹದಿನೈದನೆಯದು ಇರಲಿಲ್ಲ. ಆ ಮಂಗಳವಾರ ಅವನು ಮಾಗಡಿಯಲ್ಲಿದ್ದನಲ್ಲ.

ತೊಟ್ಟಿಗೆ ಹಾಕಿದ ವಿಷ ಮರ ಹತ್ತುವುದಿಲ್ಲ, ಎರಡು ಮೈಲಿ ನಡೆದು ಗುಲ್ಜಾರ್ ಬೀಯ ಹುಳ ಕೊಲ್ಲುವುದಿಲ್ಲ. ಇದು ಗಾಳಿಯಲ್ಲಿ ಬಂದದ್ದು. ಹಳೇ ಬ್ಯಾಟರಿ ಒಡೆದು, ಕಾಯಿಸಿ, ಸೀಸ ತೆಗೆಯುವ ಕುಲುಮೆ ಕ್ವಾರಿಯೊಳಗೆ ನಡೆದಿತ್ತು. ಮಾಗಿಯ ಮಂಜು ಇಳಿದಾಗಲೇ ಒಲೆ ಹಚ್ಚಿದರೆ ಹೊಗೆ ಯಾರಿಗೂ ಕಾಣದು, ಮಂಜಿನ ಜೊತೆಗೇ ತಗ್ಗಿಗೆ ಇಳಿದು ಎಲೆಯ ಮೇಲೆ ಕೂರುತ್ತದೆ. ಮೂರು ತಿಂಗಳು ಒಸಿ ಒಸಿಯಾಗಿ ಬಿದ್ದದ್ದು, ಯಾವುದೋ ಒಂದು ದಿನ ಮಿತಿಮೀರಿ ಬಿದ್ದಿದೆ. ಪೊಲೀಸರು ಹೋಗಿ ನೋಡುವಷ್ಟರಲ್ಲಿ ಅಲ್ಲಿ ಇದ್ದದ್ದು ಮಳೆ ತೊಳೆದ ಬೂದಿ.

ಯಾವ ದಿನ?

ಶಿವಲಿಂಗಮ್ಮನ ಅಂಗಳದಲ್ಲಿ ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ರಾಧಾಮಣಿ ಅನಂತರಾಜುವಿನ ನೀಲಿ ಲುಂಗಿಯ ಬಳಿ ಒಂದು ಗಳಿಗೆ ನಿಂತಳು, ಬಟ್ಟೆಯ ಮಡಿಕೆ ಸರಿಪಡಿಸುವವಳ ಹಾಗೆ.

"ಯಾರದು? ಮೇಡಮ್ಮನಾ? ಕಾಲ್ ತೊಳ್ಕೊಂಡ್ ಬಾ ಮಗ, ಗೂಡು ಕಟ್ತಾ ಅವೆ," ಎಂದು ಒಳಗಿನಿಂದ ಶಿವಲಿಂಗಮ್ಮನ ಕೂಗು. ಎಪ್ಪತ್ತರ ಹೆಂಗಸು. ಇಷ್ಟು ವರ್ಷ ಹುಳ ಸಾಕಿ, ಕೂತಲ್ಲೂ ನಿಂತಲ್ಲೂ ಸ್ವರ ತಗ್ಗಿಸಿಯೇ ಮಾತಾಡುವ ರೂಢಿ. ಇವತ್ತು ಆ ಸ್ವರ ಇನ್ನೂ ತಗ್ಗಿತ್ತು.

ಬಾಗಿಲ ಬಳಿಯ ಸುಣ್ಣದ ನೀರಿನಲ್ಲಿ ಕಾಲದ್ದಿ ರಾಧಾಮಣಿ ಒಳಗೆ ಹೋದಳು.

ಚಂದ್ರಿಕೆಗಳ ಬಿದಿರಿನ ಸುತ್ತುಗಳಲ್ಲಿ ಹುಳಗಳು ನೂಲು ಸುತ್ತಿಕೊಳ್ಳುತ್ತಿದ್ದವು. ಕೆಲವು ಗೂಡು ಗಟ್ಟಿಯಾಗಿದ್ದವು, ಕೆಲವು ಇನ್ನೂ ತೆಳು. ತೆಳುವಾದವುಗಳೊಳಗೆ ಹುಳದ ತಲೆ ಎಂಟರ ಆಕಾರದಲ್ಲಿ ಅತ್ತಿತ್ತ ಆಡುವುದು ಕಾಣುತ್ತಿತ್ತು.

"ಚಂದ್ರಿಕೆಗೆ ಯಾವತ್ತು ಏರಿಸಿದ್ದು ದೊಡ್ಡವ್ವ?"

"ಮೊನ್ನೆ ಬುಧವಾರ."

ರಾಧಾಮಣಿ ಬೆರಳು ಮಡಚಿದಳು. ಮೊನ್ನೆ ಬುಧವಾರ ಹಣ್ಣಾದವು ಅಂದರೆ, ನಾಲ್ಕನೇ ಜ್ವರ ಬಿಟ್ಟು ಎದ್ದದ್ದು ಅದಕ್ಕೆ ಏಳು ದಿನ ಹಿಂದೆ, ಮಳೆಯ ಮಾರನೆಯ ಬುಧವಾರ.

ಹುಳ ಪೊರೆ ಬಿಡುವುದಕ್ಕೆ ಊರವರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿ ಅಲುಗಾಡದೆ ನಿಲ್ಲುತ್ತದೆ. ಒಂದು ಹಗಲು, ಒಂದು ರಾತ್ರಿ, ಮೇಲೊಂದಿಷ್ಟು ಹೊತ್ತು. ತಿನ್ನುವುದಿಲ್ಲ, ಮುಟ್ಟಿದರೂ ಸರಿಯುವುದಿಲ್ಲ. ನೋಡಿದವರು ಸತ್ತಿದೆ ಎಂದುಕೊಳ್ಳಬೇಕು. ಎಂಟು ದಿನದಿಂದ ತನಗೆ ಆಗಿರುವುದೂ ಇದೇ ಇರಬೇಕು ಎಂದು ರಾಧಾಮಣಿಗೆ ಅನ್ನಿಸಿತು.

"ಜ್ವರಕ್ಕೆ ಯಾವಾಗ ಕೂತವು?"

ಶಿವಲಿಂಗಮ್ಮ ಸೆರಗಿನ ತುದಿ ಹೊಸೆದಳು. "ಸೋಮವಾರ ರಾತ್ರಿ ಊಟದೊತ್ಗೆ ಪೂರಾ ಕೂತವು ಕಣವ್ವ. ಮಂಗಳವಾರ ಬೆಳಿಗ್ಗೆ ಸುಣ್ಣ ಹೊಡ್ದೆ. ಬುಧವಾರ ಹೊತ್ತುಟ್ಟಕ್ಕೆ ಎದ್ವು."

"ಸೋಮವಾರ ಸೊಪ್ಪು ತಿಂದಿದ್ವಾ?"

"ಮೂರ್ ಹೊತ್ತೂ ತಿಂದ್ವು. ನಮ್ ತೋಟದ್ದೇ. ಗುಲ್ಜಾರಿ ತೋಟದ ಪಕ್ಕದ್ದು."

ಅಲ್ಲಿಗೆ ಮುಗಿಯಿತು. ಸೋಮವಾರದ ಸೊಪ್ಪು ತಿಂದ ಈ ಹುಳ ಬದುಕಿತು. ಬುಧವಾರದ್ದು ತಿಂದೂ ಬದುಕಿತು. ತಿನ್ನದೇ ಬಿಟ್ಟದ್ದು ಒಂದು ದಿನದ್ದು ಮಾತ್ರ. ಹನ್ನೊಂದು ಮನೆಯ ಹುಳ ಆ ದಿನ ಹೊಟ್ಟೆ ತುಂಬ ತಿಂದು ಸತ್ತವು. ಈ ಮನೆಯವು ಜ್ವರಕ್ಕೆ ಕೂತು ಬದುಕಿದವು.

ಮಂಗಳವಾರ.

ಆಕೆ ಹೊರಗೆ ಬಂದು ಪುನೀತ್‌ಗೆ ಫೋನು ಮಾಡಿದಳು. ಹನ್ನೊಂದೂವರೆ. ಗುಲ್ಜಾರ್ ಬೀಯ ಪದರ, ಶಿವಲಿಂಗಮ್ಮನ ಲೆಕ್ಕ, ಮಳೆಯ ರಾತ್ರಿ, ಎಲ್ಲವನ್ನೂ ಪಾಠ ಒಪ್ಪಿಸುವ ಹಾಗೆ ಒಂದೇ ದನಿಯಲ್ಲಿ ಹೇಳಿದಳು.

"ಮೇಡಂ!" ಆ ಕಡೆ ಪುನೀತ್ ಕುರ್ಚಿಯಿಂದ ಎದ್ದ ಸದ್ದು ಕೇಳಿಸಿತು. "ಹುಳ ಸಾಕ್ಷಿ ಹೇಳೋದು ಅಂದ್ರೆ ಇದೇ ಅಲ್ವಾ? ಕೋರ್ಟಲ್ಲೇ ಇದ್ದೀನಿ, ಈಗ್ಲೇ ಹಾಕ್ತೀನಿ. ಮಂಗಳವಾರ ಅಶ್ವಥಣ್ಣ ಮಾಗಡೀಲಿದ್ರು ಅಂತ ಸುಮನಕ್ಕ ಆಗ್ಲೇ ಬರ್ಕೊಟ್ಟವ್ರೆ. ಖುಷಿಪಡಿ ಮೇಡಂ."

"ಹೂಂ," ಅಂದಳು ರಾಧಾಮಣಿ. ಖುಷಿ ಎಲ್ಲಿ ಇಟ್ಟಿದ್ದೇನೆ ಎಂದು ಹುಡುಕಿದಳು. ಸಿಗಲಿಲ್ಲ.

ಟ್ರ್ಯಾಕ್ಟರ್ ಸದ್ದು ಅಂಗಳಕ್ಕೆ ಬಂದು ನಿಂತಿತು. ಅನಂತರಾಜು ಇಳಿದ. ನಲವತ್ತರ ಆಳು, ಗಿಡ್ಡ ಮೈ, ಮಾತಿಗೆ ಮುಂಚೆ ನಗು.

"ಓಹೋ, ಅಕ್ಕೋರು. ಹುಳಾನ ಕೇಳಕ್ ಬಂದ್ರಾ?"

"ಕೇಳ್ದೆ ಕಣಪ್ಪ. ಈಗ ನಿನ್ನ ಕೇಳ್ತೀನಿ. ಮಂಗಳವಾರ ಬೆಳಿಗ್ಗೆ ಎಷ್ಟು ಹೊರೆ ಸೊಪ್ಪು ಹಾಕ್ದೆ?"

"ಎಷ್ಟು ಅಂದ್ರೆ... ಒಂದು ಏಳೆಂಟು ಹೊರೆ."

"ಚೆನ್ನಾಗಿ ತಿಂದವಾ?"

"ತಿನ್ದೆ ಏನು? ಮಳೆ ಹುಯ್ದಂಗೆ ಸದ್ದು. ಅದಕ್ಕೇ ನೋಡು ಗೂಡು ಹೆಂಗವೆ, ಕಲ್ಲಿದ್ದಂಗೆ."

ಬಾಗಿಲಲ್ಲಿ ನಿಂತಿದ್ದ ಶಿವಲಿಂಗಮ್ಮ ಕಣ್ಣು ಮುಚ್ಚಿಕೊಂಡಳು.

"ಅವತ್ತು ನಿನ್ ಹುಳ ಜ್ವರಕ್ಕೆ ಕೂತಿದ್ವು ಅನಂತರಾಜು."

ನಗು ಮುಖದಲ್ಲೇ ಇತ್ತು, ಆದರೆ ಅದರ ಹಿಂದೆ ಮನುಷ್ಯ ಇರಲಿಲ್ಲ.

"ಜ್ವರಕ್ಕೆ ಕೂತ ಹುಳದ ಮೇಲೆ ಏಳೆಂಟು ಹೊರೆ ಸೊಪ್ಪು ಹೇರೋನು ಈ ತಾಲ್ಲೂಕಲ್ಲಿ ಒಬ್ನೂ ಇಲ್ಲ. ಹಾಕಿದ್ರೆ ಇವತ್ತು ಈ ಗೂಡು ಇರ್ತಿರ್ಲಿಲ್ಲ. ಹುಳ ಬದುಕೈತೆ. ಹಂಗಾಗಿ ನೀನು ಸುಳ್ಳು ಹೇಳಿದ್ದೀಯ."

"ಥೂ ನಿನ್ನ!" ಶಿವಲಿಂಗಮ್ಮನ ತಗ್ಗಿದ ದನಿ ಒಮ್ಮೆಲೆ ಒಡೆಯಿತು. "ಸೊಪ್ಪು ಹಾಕ್ತಿದ್ದೆ ಅಂದ್ಯಾ? ಹುಳದ ಮನೇಲಿ ಹುಟ್ಟಿ, ಹುಳ ಯಾವಾಗ ಉಣ್ತದೆ ಯಾವಾಗ ಉಪಾಸ ಅಂತ ಗೊತ್ತಿಲ್ವಲ್ಲೋ! ಗೂಡು ಹೊತ್ಕೊಂಡು ಮಾರ್ಕೆಟ್‌ಗೆ ಹೋಗಿ ಮೆರೆಯೋದೊಂದು ಗೊತ್ತು ನಿಂಗೆ."

"ನೀ ಸುಮ್ಕಿರವ್ವ."

"ನಾನು ಸುಮ್ಕಿದ್ದಕ್ಕೇ ಇಲ್ಲಿಗೆ ಬಂತು."

ರಾಧಾಮಣಿ ತಂತಿಯ ಬಳಿ ಹೋಗಿ ನೀಲಿ ಲುಂಗಿಯನ್ನು ಬಿಸಿಲಿಗೆ ಹಿಡಿದಳು. ಮೊಣಕಾಲಿನ ಮಟ್ಟದಲ್ಲಿ ಹತ್ತಾರು ತೂತು.

"ಇಲಿ ಕಡಿದ ತೂತಿಗೆ ಎಳೆ ನೇತಾಡ್ತವೆ. ಬೀಡಿ ಕಿಡಿಗೆ ಕಪ್ಪು ಅಂಚು. ಇದಕ್ಕೆ ಹಳದಿ ಅಂಚು ಐತೆ. ಬ್ಯಾಟರಿ ನೀರು ಚೆಲ್ಲಿದ್ದು. ಮೂವತ್ತು ವರ್ಷ ಮನೆ ಮಂದಿ ಬಟ್ಟೆ ಒಗೆದಿದ್ದೀನಿ ಅನಂತರಾಜು, ಕಲೆ ಯಾವುದು ಅಂತ ಗೊತ್ತಾಗ್ತದೆ."

ಅನಂತರಾಜು ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಒರಗಿ ಕೂತ. ತನ್ನ ಅಂಗೈ ನೋಡಿಕೊಂಡ.

"ಬಾಡಿಗೆಗೆ ಹೊಡ್ದೆ ಅಕ್ಕ. ಮೂರು ತಿಂಗ್ಳು. ಹಳೇ ಸಾಮಾನು ಅಂದ್ರು. ಹಾರೋಹಳ್ಳಿ ರೋಡಲ್ಲಿ ಲಾರಿ ಬರೋದು, ನಾನು ತುಂಬ್ಕೊಂಡು ಕ್ವಾರಿಗೆ ಸುರಿಯೋದು. ಯಾರು ಏನು ಅಂತ ಕೇಳ್ಬೇಡ, ಬರೀ ಫೋನಲ್ಲಿ ಮಾತು. ಹೊಗೆ ಇಷ್ಟು ದೂರ ಬತ್ತದೆ ಅಂತ ನಂಗೇನ್ ಗೊತ್ತು? ನಂ ಹುಳಾನೂ ಇಲ್ಲೇ ಅವಲ್ಲ."

"ಮಂಗಳವಾರ ಬೆಳಿಗ್ಗೆ ನೀನು ಕ್ವಾರಿಗೆ ಹೋಗಿದ್ದೆ."

"ಹೋಗಿದ್ದೆ."

"ಅವತ್ತು ಅಷ್ಟೊಂದು ಹೊಗೆ ಯಾಕೆ ಬಂತು?"

ಅನಂತರಾಜು ಚಕ್ರಕ್ಕೆ ಅಂಟಿದ್ದ ಒಣ ಕೆಸರನ್ನು ಉಗುರಿನಿಂದ ಕೆರೆದ.

"ಜಿಂಕೆ ಒಂಬತ್ತು. ಮುಸುವ ಎರಡು. ಸತ್ತ ಜಿಂಕೆ ತಿನ್ನೋಕೆ ಬಂದ ಒಂದು ರಣಹದ್ದು ಇನ್ನೂ ಕತ್ತು ಎತ್ತಿಲ್ವಂತೆ. ನನ್ ತಮ್ಮ ಒಳಗವನೆ. ಇದನ್ನೇ ಪೊಲೀಸ್ ಮುಂದೆ ಹೇಳ್ತೀಯಾ?"

ಅನಂತರಾಜು ತಲೆ ಎತ್ತಿದ. ಅವನ ಮುಖದಲ್ಲಿ ಹೆದರಿಕೆ ಇರುತ್ತದೆ ಎಂದುಕೊಂಡಿದ್ದಳು ರಾಧಾಮಣಿ. ಇದ್ದದ್ದು ಕನಿಕರ.

"ಹೇಳ್ಲಾ? ನಿಜವಾಗ್ಲೂ ಹೇಳ್ಲಾ ಅಕ್ಕ?"

"ಹೇಳು."

"ಅವತ್ತು ಕುಲುಮೆಯೋರು ಯಾರೂ ಬಂದಿರ್ಲಿಲ್ಲ. ಒಲೇನೇ ಹಚ್ಚಿರ್ಲಿಲ್ಲ." ಅವನು ಅವ್ವನ ಕಡೆ ನೋಡಿದ, ಆಮೇಲೆ ನೆಲದ ಕಡೆ. "ಆದ್ರೆ ನಾನೊಬ್ನೇ ಹೋಗಿರ್ಲಿಲ್ಲ."

"ಇನ್ಯಾರಿದ್ರು?"

"ಅದ ನನ್ ಬಾಯಲ್ಲಿ ಹೇಳಿಸ್ಬ್ಯಾಡ. ಆಣೆ ಹಾಕ್ಸ್ಕಂಡವ್ನೆ."

ಶಿವಲಿಂಗಮ್ಮ ಹುಳಮನೆಯೊಳಗೆ ಹೋದಳು. ಬರುವಾಗ ಕೈಯಲ್ಲಿ ಸುಣ್ಣದ ಪುಡಿಯ ಡಬ್ಬ ಇತ್ತು. ಹುಳ ಜ್ವರಕ್ಕೆ ಕೂತಾಗ ಬಿಟ್ಟರೆ ಮಿಕ್ಕ ದಿನ ಯಾರೂ ಮುಟ್ಟದ ಡಬ್ಬ.

"ಅವತ್ತು ಬೆಳಿಗ್ಗೆ ಇದನ್ನೇ ಹಿಡ್ಕೊಂಡಿದ್ದೆ ಮಗ," ಅಂದಳು. "ಮಂಜು, ಮುಖ ಕಾಣ್ತಿರ್ಲಿಲ್ಲ. ಮಾಗಡಿಯಿಂದ ಯಾರದೋ ಬೈಕ್ ತಗೊಂಡು ಬಂದ. ಇವನ ಎಬ್ಬಿಸ್ಕೊಂಡು, ಕ್ಯಾನಲ್ಲಿ ಡೀಸೆಲ್ ತುಂಬ್ಕೊಂಡು ಹೋದ್ರು. ಹೊತ್ತೇರಿದ್ಮೇಲೆ ಬಂದ, ಮೈಯೆಲ್ಲ ಮಸಿ, ಕೆಮ್ಮು. ಇದ ಅಕ್ಕನಿಗೆ ಕೊಡು ದೊಡ್ಡವ್ವ, ಇನ್ಯಾರಿಗೂ ಬ್ಯಾಡ, ನಾನು ತಿಥಿ ಊಟಕ್ಕೆ ಮಾಗಡಿ ಸೇರ್ಕೋಬೇಕು ಅಂದ. ನಾನು ಕೊಡ್ನಿಲ್ಲ. ಕೊಟ್ರೆ ನನ್ ಮಗನೂ ಹೋಯ್ತಾನೆ ಅಂತ ಮಡಗ್ಬುಟ್ಟೆ."

ಆಕೆ ಮುಚ್ಚಳ ತೆಗೆದು, ಸುಣ್ಣದೊಳಗೆ ಕೈಯಿಳಿಸಿ ಒಂದು ಕವರು ಎಳೆದಳು.

ಲಗ್ನಪತ್ರಿಕೆಯ ಕವರು. ಮೂಲೆಯಲ್ಲಿ ಅರಿಶಿನದ ಗುರುತು. ಹದಿನೈದನೆಯದು.

ರಾಧಾಮಣಿ ಅದನ್ನು ತೆಗೆದುಕೊಂಡಳು. ಒಳಗೆ ತೊಗಟೆ ಇರಲಿಲ್ಲ. ಕರಗಿ ಮತ್ತೆ ಗಟ್ಟಿಯಾದ ಬೂದು ಲೋಹದ ಒಂದು ಹನಿ, ಹುಣಸೆ ಬೀಜದಷ್ಟು. ಕವರಿನ ಮೇಲೆ ಅದೇ ಪೆನ್ಸಿಲ್ಲಿನ ದಪ್ಪ ಅಕ್ಷರ.

'ಮಂಗಳವಾರ. ಹಳೇ ಕ್ವಾರಿ. ಹೂ ಇಲ್ಲ.'

ಅದರ ಕೆಳಗೆ, ಜಾಗ ಸಾಲದೆ ಒತ್ತೊತ್ತಾಗಿ ಬರೆದದ್ದು.

'ಎಲ್ಲ ಸುಟ್ಟೋದ್ರೆ ನಿಂತೋಯ್ತದೆ ಅನ್ಕೊಂಡೆ ಅಕ್ಕ. ಬೆಂಕಿ ಇಟ್ಟಿದ್ದು ನಾನೇ.'

ಬೊಬ್ಬೆ ಒಡೆದ ಹೆಬ್ಬೆರಳಿಗೆ ಸುಣ್ಣ ತಾಗಿ ಚುರ್ ಎಂದಿತು. ಎಂಟು ದಿನದಲ್ಲಿ ಮೊದಲ ಸಲ ರಾಧಾಮಣಿಗೆ ಉರಿ ಗೊತ್ತಾಯಿತು. ಬೆರಳಿನಿಂದ ಅದು ಮುಂಗೈಗೆ ಏರಿತು, ಮುಂಗೈಯಿಂದ ಎದೆಗೆ.

ಬ್ಯಾಗಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಮೇಡಂ, ಕೊಟ್ಟಾಯ್ತು!" ಪುನೀತ್ ಓಡುತ್ತಾ ಬಂದವನ ಹಾಗೆ ಏದುತ್ತಿದ್ದ. "ಮಂಗಳವಾರ ಅಂತ ರೆಕಾರ್ಡ್ ಆಯ್ತು. ಸರ್ಕಾರಿ ವಕೀಲರೂ ದಿನ ಒಪ್ಕೊಂಡ್ರು. ಇನ್ನು ಆ ದಿನ ಯಾರಿಂದಲೂ ಬದಲಾಯಿಸೋಕಾಗಲ್ಲ. ಒಂದೇ ಒಂದು ಕೆಲಸ ಬಾಕಿ. ಇನ್‌ಸ್ಪೆಕ್ಟರ್ ಆಗ್ಲೇ ಹೊರಟವ್ರೆ, ಇನ್ನೊಂದು ಗಂಟೇಲಿ ಹುಣಸೆದೊಡ್ಡೀಲಿರ್ತಾರೆ. ಮಂಗಳವಾರ ಬೆಳಿಗ್ಗೆ ಆ ಮನೆ ಹತ್ರ ಯಾರ್ಯಾರು ಬಂದ್ರು ಹೋದ್ರು ಅಂತ ಆ ಅಜ್ಜೀನ ಕೇಳ್ತಾರಂತೆ. ಅಜ್ಜಿ ನಿಜ ಹೇಳೋರು ತಾನೆ ಮೇಡಂ? ...ಮೇಡಂ?"

ಶಿವಲಿಂಗಮ್ಮ ಡಬ್ಬದ ಮುಚ್ಚಳ ಹಾಕಿರಲಿಲ್ಲ. ತೆರೆದ ಡಬ್ಬವನ್ನು ಎರಡೂ ಕೈಯಲ್ಲಿ ರಾಧಾಮಣಿಯ ಮುಂದೆ ಹಿಡಿದು, ಕವರು ಮತ್ತೆ ಒಳಗೆ ಬೀಳುತ್ತದೋ ಇಲ್ಲವೋ ಎಂದು ಕಾಯುತ್ತಾ ನಿಂತಿದ್ದಳು.